ಆಕ್ಟೋಪಸ್‌ಗೆ ಮೂರು ಹೃದಯ. ಸರಿ, ಆಮೇಲೆ?

ಮಕ್ಕಳಿಗೆ ಜನರಲ್ ನಾಲೆಡ್ಜ್ ಕಲಿಸುವಾಗ ನಾವು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಆಕ್ಟೋಪಸ್‌ಗೆ ಎಷ್ಟು ಹೃದಯ? ಮೂರು. ಶಭಾಷ್, ಮುಂದಿನ ಪ್ರಶ್ನೆ! ಮಜಾ ಶುರುವಾಗುವುದೇ ಆಮೇಲೆ ಅಲ್ವಾ?

ಎರಡು ಹೃದಯಗಳು ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಮೂರನೆಯದು ಉಳಿದ ಮೈಗೆಲ್ಲ. ಆ ರಕ್ತ ನೀಲಿ. ಆಮ್ಲಜನಕ ಹೊರುವುದಕ್ಕೆ ನಮ್ಮ ರಕ್ತದಲ್ಲಿ ಕಬ್ಬಿಣ ಇದೆ, ಅದರಲ್ಲಿ ತಾಮ್ರ. ಇಷ್ಟು ಹೇಳಿ ನೋಡಿ, 'ಮತ್ತೆ ಜಿರಳೆ ರಕ್ತ ಯಾಕೆ ಕೆಂಪಗಿಲ್ಲ?' ಅಂತ ಮಗು ತಾನಾಗಿಯೇ ಕೇಳುತ್ತದೆ. ಈ ಎರಡನೇ ಪ್ರಶ್ನೆ ಬರಬೇಕು, ನನಗೆ ಬೇಕಿರುವುದು ಅದೇ.

ಬಾಹ್ಯಾಕಾಶದ ವಿಷಯದಲ್ಲಂತೂ ತಪ್ಪನ್ನೇ ಬಾಯಿಪಾಠ ಮಾಡಿಸುತ್ತೇವೆ. 'ಅಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ತೇಲುತ್ತಾರೆ' ಅಂತ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಮೇಲೆ. ಅಲ್ಲೂ ಭೂಮಿಯ ಸೆಳೆತ ಇಲ್ಲಿನ ಶೇ. 90ರ ಹತ್ತಿರವೇ ಇದೆ. ನಿಲ್ದಾಣವೂ ಒಳಗಿರುವವರೂ ಒಟ್ಟಿಗೇ ಬೀಳುತ್ತಾ ಇದ್ದಾರೆ. ಆದರೆ ಗಂಟೆಗೆ ಸುಮಾರು 28,000 ಕಿ.ಮೀ. ವೇಗ ಇರುವುದರಿಂದ ನೆಲಕ್ಕೆ ಬೀಳದೆ ಭೂಮಿಯ ಸುತ್ತ ಬೀಳುತ್ತಾರೆ.

ಮಕ್ಕಳು ನಂಬಲ್ಲ. ಒಂದು ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ತೂತು ಮಾಡಿ, ನೀರು ತುಂಬಿಸಿ. ಮುಚ್ಚಳ ಹಾಕಬೇಡಿ. ಚಿರ್ರಂತ ನೀರು ಚಿಮ್ಮುತ್ತದೆ. ಈಗ ಎತ್ತರದಿಂದ ಬಾಟಲಿಯನ್ನು ಕೈಬಿಡಿ. ಬೀಳುವಷ್ಟು ಹೊತ್ತು ತೂತಿನಿಂದ ನೀರು ಬರುವುದೇ ಇಲ್ಲ! ನೀರೂ ಬಾಟಲಿಯೂ ಒಟ್ಟಿಗೇ ಬೀಳುತ್ತಿರುವಾಗ ನೀರಿನ ಭಾರ ಬಾಟಲಿಯನ್ನು ಒತ್ತುವುದಿಲ್ಲ. ಅಂಗಳ ಒದ್ದೆಯಾಗುತ್ತದೆ, ಆಗಲಿ ಬಿಡಿ.

ಆವಿಷ್ಕಾರಗಳೂ ಅಷ್ಟೇ. ಹೆಸರು, ಇಸವಿ ಸುಮ್ನೆ ಉರು ಹೊಡೆಸಬೇಡಿ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ತನ್ನ ನಾಯಿಯ ಮೈಗೆ ಅಂಟಿದ್ದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ತುದಿಯಲ್ಲಿ ಪುಟ್ಟ ಪುಟ್ಟ ಕೊಕ್ಕೆಗಳಿದ್ದವು. ನಮ್ಮ ಮಕ್ಕಳ ಶೂಗಳ ವೆಲ್ಕ್ರೋ ಪಟ್ಟಿ ಹುಟ್ಟಿದ್ದು ಹಾಗೆ. ಉತ್ತರಾಣಿ ಪೊದೆಯಲ್ಲಿ ನುಗ್ಗಿ ಬಂದ ಮಗುವಿಗೆ ಬೈಯುವ ಮೊದಲು ಕೈಗೊಂದು ಭೂತಗನ್ನಡಿ ಕೊಡಿ.

ಪ್ರಾಣಿಗಳ ಬಗ್ಗೆ ಹೇಳುವುದಾದರೆ ದೂರ ಹೋಗಬೇಕಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹಿಮಾಲಯ ದಾಟಿಕೊಂಡು. 7,000 ಮೀಟರ್‌ಗಿಂತ ಎತ್ತರದಲ್ಲಿ ಇವು ಹಾರಿದ್ದು ದಾಖಲಾಗಿದೆ. ಇದು ಹೇಗೆ ಗೊತ್ತಾಯ್ತು? ಹಕ್ಕಿಗಳಿಗೆ ಪುಟ್ಟ ಉಪಕರಣ ಕಟ್ಟಿ ಕಳಿಸಿದ್ದರಿಂದ. ಅವು ಒಂದೇ ಎತ್ತರದಲ್ಲಿ ಹಾರುವುದೂ ಇಲ್ಲ. ಬೆಟ್ಟ ಏರಿದರೆ ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ. ಮೇಲೆ ತೆಳ್ಳಗಿನ ಗಾಳಿಯಲ್ಲಿ ರೆಕ್ಕೆ ಬಡಿಯುವುದಕ್ಕೆ ಶಕ್ತಿ ಜಾಸ್ತಿ ಬೇಕು. ಅದಕ್ಕೇ ಇಳಿದು ಮತ್ತೆ ಏರಿದರೂ ಅವಕ್ಕೆ ಲಾಭವೇ.

ಈ ಚಳಿಗಾಲ ಮಕ್ಕಳನ್ನು ಒಮ್ಮೆ ಮಾಗಡಿಗೆ ಕರೆದುಕೊಂಡು ಹೋಗಿ. ಬೈನಾಕ್ಯುಲರ್ ಮರೆಯಬೇಡಿ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತವೆ, ಗುರುತು ಹಿಡಿಯುವುದು ಸುಲಭ.