ಹಲ್ಲು ಕಿರಿದ ಚಿಂಪಾಂಜಿ ನಗುತ್ತಿದೆಯಾ? ಸತ್ಯಾಂಶ

ಬೆಂಗಳೂರು ಜಯನಗರದ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಮತ್ತೆ ಅದೇ ವಿಡಿಯೋ ಬಂದಿದೆ. ಅಂಗಿ ತೊಟ್ಟ ಚಿಂಪಾಂಜಿ ಮರಿ ಹಲ್ಲು ಕಿರಿದು ಕೂತಿದೆ. ‘ಮನುಷ್ಯರ ಜೊತೆ ಎಷ್ಟು ಖುಷಿ ನೋಡಿ’ ಅಂತ ಒಕ್ಕಣೆ ಬೇರೆ.

ಅದು ನಗು ಅಲ್ಲ. ತುಟಿ ಹಿಂದಕ್ಕೆಳೆದು ಎರಡೂ ಸಾಲು ಹಲ್ಲು ತೋರಿಸಿದರೆ, ಸಾಮಾನ್ಯವಾಗಿ ಚಿಂಪಾಂಜಿ ಹೆದರಿದೆ ಎಂದರ್ಥ. ಆಟದ ಖುಷಿಯಲ್ಲಿ ಬಾಯಿ ಸಡಿಲವಾಗಿ ತೆರೆದಿರುತ್ತದೆ. ಮೇಲಿನ ಹಲ್ಲನ್ನು ತುಟಿ ಮುಚ್ಚಿರುತ್ತದೆ. ಕಚಗುಳಿ ಇಟ್ಟರೆ ಏದುಸಿರಿನಂಥ ನಗುವೂ ಉಂಟು.

ಉಗಾಂಡದ ಎನ್‌ಗಂಬಾ ದ್ವೀಪದಲ್ಲಿ 1998ರಿಂದ ಅನಾಥ ಚಿಂಪಾಂಜಿಗಳನ್ನು ಸಾಕುತ್ತಿದ್ದಾರೆ. ಹಗಲು ಕಾಡಲ್ಲಿ ಅಲೆದು, ಸಂಜೆ ಗಂಜಿಗೆ ವಾಪಸ್ ಬರುತ್ತವೆ. ರಾತ್ರಿ ಜೋಲಿಯಲ್ಲಿ ನಿದ್ದೆ. ಬಿಡುವಾದರೆ ಒಂದರ ಮೈಕೂದಲು ಬಿಡಿಸುತ್ತಾ ಇನ್ನೊಂದು ಸುಮ್ನೆ ಕೂರುತ್ತದೆ. ನಮ್ಮ ಜಗಲಿ ಹರಟೆ ಥರ, ಅಲ್ವಾ? ಅಂಗಿ ಯಾರೂ ತೊಡಿಸುವುದಿಲ್ಲ.