‘ಕೊಡಿದ್ರು’ ಅನ್ನುವ ಮಗು ತಪ್ಪು ಮಾಡುತ್ತಿಲ್ಲ, ವ್ಯಾಕರಣ ಮಾಡುತ್ತಿದೆ

‘ಅಜ್ಜಿ ನಂಗೆ ಗೊಂಬೆ ಕೊಡಿದ್ರು’ ಅಂತ ಮೂರು ವರ್ಷದ ಮಗು ಅಂದರೆ ಮನೆಮಂದಿಯೆಲ್ಲ ನಗುತ್ತಾರೆ. ನಗಲಿ. ಆದರೆ ಆ ‘ಕೊಡಿದ್ರು’ ಎಲ್ಲಿಂದ ಬಂತು? ದೊಡ್ಡವರು ಹಾಗನ್ನುವುದಿಲ್ಲ, ಅಂದಮೇಲೆ ಅದು ಕೇಳಿ ಕಲಿತದ್ದಲ್ಲ. ಮಾಡಿದ್ರು, ನೋಡಿದ್ರು, ಹಾಡಿದ್ರು ಕೇಳಿಸಿಕೊಂಡು ಮಗು ತಾನೇ ಒಂದು ಸೂತ್ರ ಹಿಡಿದಿದೆ, ಅದನ್ನೇ ‘ಕೊಡು’ಗೂ ಹಚ್ಚಿದೆ. ಅದಕ್ಕೆ ಇನ್ನೂ ಸಿಗದಿರುವುದು ಒಂದೇ ಎಳೆ: ‘ಡು’ ಹಿಂದಿನ ಅಕ್ಷರ ದೀರ್ಘವಾದರೆ ಮಾಡಿದ, ಓಡಿದ, ಬೇಡಿದ, ಹ್ರಸ್ವವಾದರೆ ಕೊಟ್ಟ, ಇಟ್ಟ, ಬಿಟ್ಟ, ಸುಟ್ಟ. ದಿನವಿಡೀ ಕನ್ನಡ ಆಡುವ ನಾವೇ ಇದನ್ನು ಗಮನಿಸಿರುವುದಿಲ್ಲ.

ಇದೇ ಮಗು ಕೆಲವು ತಿಂಗಳ ಹಿಂದೆ ‘ಕೊಟ್ರು’ ಅಂತ ಸರಿಯಾಗಿಯೇ ಹೇಳಿರಬಹುದು. ಆಗ ಅದು ಬಾಯಿಪಾಠ. ಈಗ ಸೂತ್ರ ಕೈಗೆ ಸಿಕ್ಕಿದೆ, ಎಲ್ಲ ಕಡೆ ಹಾಕಿ ನೋಡುತ್ತಿದೆ. ಹಿಂದೆ ಬಿದ್ದಂತೆ ಕಂಡರೂ ಇದು ಮುಂದಿನ ಮೆಟ್ಟಿಲೇ. 1958ರಲ್ಲಿ ಅಮೆರಿಕದ ಭಾಷಾ ಸಂಶೋಧಕಿ ಜೀನ್ ಬರ್ಕೊ ಒಂದು ಪ್ರಾಣಿಯ ಚಿತ್ರ ತೋರಿಸಿ, ‘ಇದು ವಗ್’ ಅಂತ ಇಲ್ಲದ ಹೆಸರು ಹೇಳಿ, ಎರಡಿದ್ದರೆ ಏನನ್ನಬೇಕು ಅಂತ ಇಂಗ್ಲಿಷ್ ಆಡುವ ಮಕ್ಕಳನ್ನು ಕೇಳಿದರು. ಎಂದೂ ಕೇಳದ ಪದಕ್ಕೂ ಹೆಚ್ಚಿನ ಮಕ್ಕಳು ಬಹುವಚನ ಹಚ್ಚಿ ‘ವಗ್ಸ್’ ಅಂದರು.

ಉಚ್ಚಾರಣೆಯದು ಬೇರೆ ಕತೆ. ಸಕ್ಕರೆ ‘ತಕ್ಕಲೆ’ ಆಗುವುದು ಸ, ರ ಎರಡಕ್ಕೂ ನಾಲಿಗೆಯ ಹಿಡಿತ ತಡವಾಗಿ ಬರುವುದರಿಂದ. ನೀವೂ ‘ತಕ್ಕಲೆ ಬೇಕಾ?’ ಅಂದು ನೋಡಿ, ಎಷ್ಟೋ ಮಕ್ಕಳು ಸಿಡುಕುತ್ತವೆ: ‘ತಕ್ಕಲೆ ಅಲ್ಲ, ತಕ್ಕಲೆ!’ ಕಿವಿಗೆ ಸರಿಯಾದ ಪದ ಗೊತ್ತು, ನಾಲಿಗೆಗೆ ಇನ್ನೂ ಬಂದಿಲ್ಲ. ಕನ್ನಡಕ ‘ಕಡನ್ನಕ’ ಆಗುವುದು ಬರೀ ಅಕ್ಷರಗಳ ಜಾಗ ಬದಲಾಗಿ.

ನಾನು–ನೀನು ಅದಲುಬದಲಾಗುವುದಕ್ಕೂ ಕಾರಣವಿದೆ. ಎಲ್ಲರೂ ಮಗುವನ್ನು ‘ನೀನು’ ಅನ್ನುತ್ತಾರೆ, ಅದು ತನ್ನ ಹೆಸರೇ ಅಂದುಕೊಂಡರೆ ತಪ್ಪೇನು? ‘ಬಾಳೆಹಣ್ಣಿನ ಅಂಗಿ ಬಿಚ್ಚು’ ಅನ್ನುವಾಗಲಂತೂ, ‘ಸುಲಿ’ ಸಿಗದಿದ್ದರೂ ಇರುವ ಪದಗಳಲ್ಲೇ ಕೆಲಸ ಮುಗಿಸುವ ಜಾಣತನ ಕಾಣುತ್ತದೆ.

ತಿದ್ದುವುದು ಹೇಗೆ? ‘ತಪ್ಪು, ಕೊಟ್ರು ಅನ್ನು’ ಅಂತ ಹತ್ತು ಸಲ ಹೇಳಿಸಬೇಡಿ. ‘ಹೌದಾ, ಅಜ್ಜಿ ಗೊಂಬೆ ಕೊಟ್ರಾ? ಇನ್ನೇನು ಕೊಟ್ರು?’ ಅಂತ ಮಾತು ಮುಂದುವರಿಸಿ. ಸರಿಯಾದ ರೂಪ ಎರಡು ಸಲ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ. ನೆಂಟರ ಮುಂದೆ ‘ಹೇಳು ಪುಟ್ಟಾ, ತಕ್ಕಲೆ ಅನ್ನು’ ಅಂತ ಆಡಿಸುವುದನ್ನು ಮಾತ್ರ ದಯವಿಟ್ಟು ಬಿಡಿ. ತನ್ನ ಮಾತಿಗೆ ನಗುತ್ತಿದ್ದಾರೆ ಅಂತ ತಿಳಿದ ಮಗು ಬಾಯಿ ಬಿಡುವುದನ್ನೇ ಕಡಿಮೆ ಮಾಡಬಹುದು.

ಗಮನ ಕೊಡಬೇಕಾದ್ದು ಬೇರೆಯೇ ಇದೆ. ಎರಡು ವರ್ಷವಾದರೂ ‘ಹಾಲು ಬೇಕು’ ಅಂತ ಎರಡು ಪದ ಜೋಡಿಸದಿದ್ದರೆ, ನಾಲ್ಕು ವರ್ಷವಾದರೂ ಹೊರಗಿನವರಿಗೆ ಮಾತು ಅರ್ಥವಾಗದಿದ್ದರೆ, ಬಂದಿದ್ದ ಪದಗಳು ಯಾವ ವಯಸ್ಸಿನಲ್ಲೇ ಆಗಲಿ ಮರೆಯಾದರೆ, ಕಾಯದೆ ವೈದ್ಯರಿಗೆ ತೋರಿಸಿ, ಮೊದಲು ಕಿವಿಯ ಪರೀಕ್ಷೆ ಮಾಡಿಸಿ.