ನಾಯಿಯ ಬಟ್ಟಲಿಗೆ ಸ್ಟ್ಯಾಂಡ್ ಯಾಕೆ?

ನಮ್ಮ ಕಲಬುರಗಿಯಲ್ಲೂ ಈಗ ಪೆಟ್ ಶಾಪ್‌ಗಳು ಜಾಸ್ತಿಯಾಗಿವೆ. ಒಳಗೆ ಕಾಲಿಟ್ಟರೆ ಎತ್ತರದ ಸ್ಟ್ಯಾಂಡ್, ಅದರಲ್ಲಿ ಥಳಥಳ ಹೊಳೆಯುವ ಎರಡು ಸ್ಟೀಲ್ ಬಟ್ಟಲು. "ಬಗ್ಗಿ ತಿಂದ್ರ ಕುತ್ತಿಗಿ ನೋಯ್ತದ, ಹೊಟ್ಟಿ ಉಬ್ತದ, ಇದು ತಗೊಳ್ರಿ" ಅಂತಾರೆ. ಮಕ್ಕಳ ಹಾಗೆ ಸಾಕಿದವರು ಬೇಡ ಅನ್ನುವುದು ಕಷ್ಟ. ಆದರೂ ದೊಡ್ಡ ನಾಯಿ ಸಾಕಿದವರಿಗೆ ಕೈಮುಗಿದು ಹೇಳುತ್ತೇನೆ. ಆರೋಗ್ಯವಾಗಿರುವ ನಾಯಿಗೆ ಸ್ಟ್ಯಾಂಡ್ ಬೇಡ. ಊಟ ನೆಲದ ಮೇಲೇ ಇರಲಿ.

ನಾಯಿ ಹುಟ್ಟಾ ತಲೆ ತಗ್ಗಿಸಿ ತಿನ್ನುವ ಪ್ರಾಣಿ. ಅದರ ಅನ್ನನಾಳದ ಸ್ನಾಯುಗಳೇ ತುತ್ತನ್ನು ಹೊಟ್ಟೆಗೆ ದಬ್ಬುತ್ತವೆ, ಬಾಯಿ ಕೆಳಗಿದ್ದರೂ ಸರಿ.

ಇನ್ನು ಹೊಟ್ಟೆ ಉಬ್ಬರ. ದೊಡ್ಡ ಜಾತಿಯ ನಾಯಿಗಳಲ್ಲಿ ಇದು ಬರೀ ಗ್ಯಾಸ್ ಅಲ್ಲ. ಜಠರ ಉಬ್ಬಿ, ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ರಕ್ತ ಓಡಾಟ ನಿಂತುಹೋಗುತ್ತದೆ. ನಾಯಿ ವಾಂತಿಗೆ ಒದ್ದಾಡುತ್ತದೆ, ಏನೂ ಬರುವುದಿಲ್ಲ, ಜೊಲ್ಲು ನೊರೆ ಅಷ್ಟೇ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗದಿದ್ದರೆ ಉಳಿಯುವುದು ಕಷ್ಟ. 2000ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1,637 ದೊಡ್ಡ ನಾಯಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಎತ್ತರದ ಬಟ್ಟಲಲ್ಲಿ ತಿನ್ನುವ ನಾಯಿಗಳಿಗೇ ಈ ಕಾಯಿಲೆ ಹೆಚ್ಚು ಬಂದಿತ್ತು. ಗಬಗಬ ತಿನ್ನುವುದು, ವಯಸ್ಸಾಗಿರುವುದು, ತಂದೆತಾಯಿಗೋ ಒಡಹುಟ್ಟಿದವಕ್ಕೋ ಇದೇ ಕಾಯಿಲೆ ಬಂದಿರುವುದು, ಇವೂ ಪಟ್ಟಿಯಲ್ಲಿದ್ದವು. ಸ್ಟ್ಯಾಂಡೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ, ನಂಟು ಕಂಡಿದೆ ಅಷ್ಟೇ. ಆದರೆ ಉಬ್ಬರ ತಡೆಯುತ್ತದೆ ಅಂತ ಹೇಳಿಯೇ ಅದನ್ನು ಮಾರುತ್ತಾರಲ್ಲ, ಅದಕ್ಕೆ ನನ್ನ ಸಿಟ್ಟು.

ನಮ್ಮ ಕಡೆ ಮುಧೋಳ ನಾಯಿ ಸಾಕುವವರೂ ಇದ್ದಾರೆ. ಆ ಅಧ್ಯಯನದಲ್ಲಿ ಮುಧೋಳ ಇರಲಿಲ್ಲ, ನಿಜ. ಆದರೆ ಈ ಕಾಯಿಲೆ ಹೆಚ್ಚಾಗಿ ಕಾಡುವುದು ಎದೆಗೂಡು ಆಳವಾಗಿರುವ ನಾಯಿಗಳನ್ನೇ. ಮುಧೋಳದ ಮೈಕಟ್ಟು ನೋಡಿದ್ದೀರಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನ ನಂದಿನಗರದಲ್ಲಿದೆ, ನಮ್ಮ ಭಾಗ್ಯ. ಆದರೆ ಕಲಬುರಗಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್. ನಡುರಾತ್ರಿ ನಾಯಿಯ ಹೊಟ್ಟೆ ತಿರುಚಿಕೊಂಡರೆ ಏನು ಮಾಡುತ್ತೀರಿ? ದಿನದ ಊಟ ಎರಡು ಮೂರು ಸಲ ಹಂಚಿ ಹಾಕಿ, ಗಬಗಬ ತಿನ್ನದ ಹಾಗೆ ನೋಡಿಕೊಳ್ಳಿ. ಅದು ಪುಕ್ಕಟೆ.

ಹಾಗಂತ ಎತ್ತರದ ಬಟ್ಟಲು ಯಾರಿಗೂ ಬೇಡ ಅಂತಲ್ಲ. ನಮ್ಮ ಓಣಿಯ ಅಕ್ಕಾರ ಮನೆಯ ಮುದಿ ಲ್ಯಾಬ್ರಡಾರ್ ನಾಯಿ ನೀರು ಕುಡಿಯುವಾಗ ಮುಂಗಾಲು ಎರಡೂ ಶಹಾಬಾದ್ ಕಲ್ಲಿನ ಮೇಲೆ ಅತ್ತಿತ್ತ ಜಾರುತ್ತಿದ್ದವು. ಎರಡು ಗುಟುಕು ಕುಡಿದು ತಲೆ ಎತ್ತಿ ನಿಲ್ಲುತ್ತಿತ್ತು, ಮತ್ತೆ ಬಗ್ಗಲು ಹಿಂದೆಮುಂದೆ ನೋಡುತ್ತಿತ್ತು. "ನೀರ್ ಕುಡ್ಯೋದ್ರಾಗೇ ಸುಸ್ತಾಗ್ತದ ನೋಡ್ರಿ ಅದಕ್ಕ" ಅಂದರು ಅಕ್ಕಾರು. ಡಾಕ್ಟರು ನೋಡಿ ಕೀಲು ಸವೆದಿವೆ, ಬಟ್ಟಲು ಸ್ವಲ್ಪ ಎತ್ತರಿಸಿ ಅಂದರು. ಇಟ್ಟಂಗಿಯ ಮೇಲೆ ಬೋಗಾಣಿ ಇಟ್ಟರು, ಕಾಲಡಿಗೆ ಗೋಣಿಚೀಲ ಹಾಸಿದರು. ಈಗ ಒಂದೇ ಉಸಿರಿಗೆ ಕುಡಿಯುತ್ತದೆ. ಕುತ್ತಿಗೆಯ ಮೂಳೆ ನೋವಿರುವ ನಾಯಿಗೂ ಇದು ಆಸರೆಯೇ. ಅನ್ನನಾಳ ಹಿಗ್ಗಿದ ನಾಯಿಯ ಕಥೆ ಬೇರೆ. ಬಟ್ಟಲು ಎತ್ತರಿಸಿದರೆ ಸಾಲದು. ಅದನ್ನು ನೆಟ್ಟಗೆ ಕೂರಿಸಿ ತಿನ್ನಿಸಬೇಕು, ತಿಂದ ಮೇಲೂ ಸ್ವಲ್ಪ ಹೊತ್ತು ಹಾಗೇ ಇರಿಸಬೇಕು. ಇದೆಲ್ಲ ಡಾಕ್ಟರು ಹೇಳಬೇಕಾದ ಮಾತು, ಅಂಗಡಿಯವರಲ್ಲ.

ಬೆಕ್ಕಿಗೆ ಇಷ್ಟೆಲ್ಲ ಚಿಂತೆ ಬೇಡ. ಅದು ಕುಕ್ಕರಗಾಲಲ್ಲಿ ಕೂತು ಆರಾಮಾಗಿ ತಿನ್ನುತ್ತದೆ. ವಯಸ್ಸಾಗಿ ಕೀಲು ಬಿಗಿದಿದ್ದರೆ ಎರಡು ಮೂರು ಇಂಚು ಎತ್ತರಿಸಿ, ಸಾಕು. ತಟ್ಟೆ ಅಗಲವಾಗಿರಲಿ. ನೀರನ್ನು ಊಟದ ಪಕ್ಕದಲ್ಲೇ ಇಡದೆ ದೂರ ಇಟ್ಟು ನೋಡಿ, ಎಷ್ಟೋ ಬೆಕ್ಕುಗಳು ಆಗ ಚೆನ್ನಾಗಿ ಕುಡಿಯುತ್ತವೆ.

ಬೀದಿಯ ಪ್ರಾಣಿಗಳ ನೀರಿನ ಬಗ್ಗೆಯೂ ಹೇಳಲೇಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ನಮಗೇನು ಹೊಸದಲ್ಲ. ತುಂಬಾ ಜನ ಪುಣ್ಯಕ್ಕೆ ನೀರಿಡುತ್ತಾರೆ. ಆದರೆ ಕಟ್ಟೆ ಮೇಲೆ, ಕಾಂಪೌಂಡ್ ಮೇಲೆ ಇಟ್ಟರೆ ಹಕ್ಕಿಗೆ ಸಿಗುತ್ತದೆ, ಮರಿಗಳಿಗೆ ಎಟುಕುವುದಿಲ್ಲ. ನಾಯಿಗೆ ಬೇರೆಯೇ ಒಂದು ಬಾನಿಯನ್ನು ನೆಲದ ಮೇಲೆ, ನೆರಳಲ್ಲಿ ಇಡಿ. ಬಿಸಿಲಿಗೆ ಸ್ಟೀಲ್ ಪಾತ್ರೆ ಬೇಡ, ಮೂತಿ ಇಟ್ಟರೆ ಚುರುಕ್ ಅನ್ನುತ್ತದೆ. ಸಿಮೆಂಟಿನದೋ ಕಲ್ಲಿನದೋ ಇರಲಿ, ಉರುಳುವುದೂ ಇಲ್ಲ. ಬಾನಿ ಆಳವಾಗಿದ್ದರೆ ಒಳಗೊಂದು ಕಲ್ಲು ಹಾಕಿ, ಬಿದ್ದ ಮರಿ ಹತ್ತಿ ಬರಲಿ. ದಿನಾ ನೀರು ಬದಲಿಸಿ, ವಾರಕ್ಕೆ ಎರಡು ಸಲ ತಿಕ್ಕಿ ತೊಳೆಯಿರಿ. ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಸುಮಾರು ಒಂದು ವಾರ ಸಾಕು.